ಬುದ್ಧ ಇಎಂಐ ಕಟ್ಬೇಡ ಅಂದಿದ್ನಾ?

ಬುದ್ಧ ಪೂರ್ಣಿಮೆ ಸಂಚಿಕೆಗೆ ಪ್ರಶ್ನೆ ಕಳ್ಸಿ ಅಂತ ಹೇಳಿದ್ವಿ, ನಿರ್ವಾಣದ ಬಗ್ಗೆ ಕೇಳ್ತಾರೇನೋ ಅಂತ ಕಾಯ್ತಿದ್ರೆ ಅರ್ಧಕ್ಕರ್ಧ ಜನ ಸಾಲ, ಸಂಸಾರ, ವಾಸ್ತು ಬಗ್ಗೇನೇ ಕೇಳಿದೀರಿ. ಪರವಾಗಿಲ್ಲ, ಬುದ್ಧನ ಹತ್ರ ಬಂದ ಜನಾನೂ ಹೆಚ್ಚುಕಮ್ಮಿ ಇಂಥದ್ದನ್ನೇ ಕೇಳ್ತಿದ್ರು. ಹೆಸರು ಬೇಡ ಅಂತ ಸುಮಾರು ಜನ ಬರ್ದಿದ್ರಿಂದ ಏರಿಯಾ ಮಾತ್ರ ಹಾಕಿದೀನಿ.

ಕೆಎಎಸ್‌ಗೆ ಓದ್ತಾ ಇದೀನಿ ಸಾರ್. ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ, ತ್ರಿಪಿಟಕ ಎಲ್ಲ ಬಾಯಿಪಾಠ ಆಗಿದೆ, ಆದ್ರೆ ನಮ್ಮಜ್ಜಿ 'ಅದೇನಪ್ಪ ಬೌದ್ಧ ಧರ್ಮ ಅಂದ್ರೆ' ಅಂತ ಕೇಳಿದ್ರೆ ಬಾಯಿ ಬರಲ್ಲ. – ವಿಜಯನಗರ

ಅಜ್ಜಿಗೆ ಹೇಳೋದಾದ್ರೆ ಕಥೆಯಿಂದಾನೇ ಶುರು ಮಾಡು ತಮ್ಮ. ಈಗಿನ ನೇಪಾಳದ ಲುಂಬಿನಿಯಲ್ಲಿ ಹುಟ್ಟಿದ ಶಾಕ್ಯರ ಹುಡುಗ ಸಿದ್ಧಾರ್ಥ, 29ಕ್ಕೆ ಮನೆ ಬಿಟ್ಟ, ಆರು ವರ್ಷ ಊರೂರು ಅಲೆದು, ಗುರುಗಳ ಹತ್ರ ಧ್ಯಾನ ಕಲ್ತು, ಆಮೇಲೆ ಹೊಟ್ಟೆಬೆನ್ನು ಒಂದಾಗೋ ತನಕ ಉಪವಾಸ ಬಿದ್ದು, ಮೈ ದಂಡಿಸಿದ್ರೆ ಏನೂ ಸಿಗಲ್ಲ ಅಂತ ಗೊತ್ತಾದ್ಮೇಲೆ ಊಟ ಮಾಡಿ ಬೋಧಗಯಾದಲ್ಲಿ ಅರಳೀಮರದ ಕೆಳಗೆ ಕೂತ. 35ಕ್ಕೆ ಬುದ್ಧ ಆದ. ಸಾರನಾಥದಲ್ಲಿ ಐದು ಜನ ಹಳೇ ಸಂಗಾತಿಗಳಿಗೆ ಮೊದಲ ಉಪದೇಶ. ಅಲ್ಲಿಂದ 80ನೇ ವಯಸ್ಸಲ್ಲಿ ಕುಶಿನಗರದಲ್ಲಿ ಕಣ್ಮುಚ್ಚೋ ತನಕ 45 ವರ್ಷ ಕಾಲ್ನಡಿಗೇಲಿ ತಿರುಗಿದ, ಮಳೆಗಾಲ ಬಿಟ್ಟು ಒಂದು ಕಡೆ ನಿಂತೋನಲ್ಲ.

ನಾಲ್ಕು ಸತ್ಯಾನ ಪಟ್ಟಿ ಥರ ಒಪ್ಪಿಸೋದು ಬಿಟ್ಟು ಒಂದು ಸಲ ನಿನ್ನ ಮೇಲೇ ಪ್ರಯೋಗಿಸಿ ನೋಡು. ಪ್ರಿಲಿಮ್ಸ್ ಪಾಸಾದ್ರೆ ಸಾಕು ದೇವ್ರೇ ಅಂತಿದ್ದೆ, ಪಾಸಾಯ್ತು, ಸಂಜೆ ತನಕ ಖುಷಿ. ರಾತ್ರಿ ರೂಮ್‌ಮೇಟ್‌ಗೆ ಎಂಟು ಮಾರ್ಕ್ಸ್ ಜಾಸ್ತಿ ಅಂತ ಗೊತ್ತಾಯ್ತು, ನಿದ್ದೆ ಹೋಯ್ತು. ಆ ಒಳಗಡೆ ಚುಚ್ಚೋದಿದೆಯಲ್ಲ, ಅದೇ ದುಃಖ, ಅದು ಮೊದಲ್ನೇದು. ಅದು ರೂಮ್‌ಮೇಟ್‌ನಿಂದ ಬಂದಿದ್ದಲ್ಲ, ನಿನ್ನೊಳಗೇ ಇರೋ 'ನಂಗೇ ಬೇಕು, ನಾನೇ ಮುಂದಿರ್ಬೇಕು' ಅನ್ನೋ ದಾಹದಿಂದ ಬಂದಿದ್ದು, ಅದು ಎರಡನೇದು. ಕಾರಣ ಇದೆ ಅಂದ್ಮೇಲೆ ಕಾರಣ ಹೋದ್ರೆ ಇದೂ ಹೋಗ್ಬೇಕು, ಮೂರನೇದು. ಹೋಗ್ಸೋಕೆ ದಿನಾ ಮಾಡೋ ಅಭ್ಯಾಸ ಒಂದಿದೆ, ಅದು ನಾಲ್ಕನೇದು, ನೀನು ಬಾಯಿಪಾಠ ಮಾಡಿರೋ ಅಷ್ಟಾಂಗ ಮಾರ್ಗ ಅಂದ್ರೆ ಅದೇ. ಆ ಎಂಟರಲ್ಲಿ ಮಾತು, ಕೆಲಸ, ಜೀವನೋಪಾಯ ಈ ಮೂರು ನಡತೆಗೆ ಸೇರಿದ್ದು. ಪ್ರಯತ್ನ, ಎಚ್ಚರ, ಏಕಾಗ್ರತೆ ಇವು ಮನಸ್ಸಿನ ಸಾಧನೆ. ದೃಷ್ಟಿ ಮತ್ತೆ ಸಂಕಲ್ಪ ಇವೆರಡು ತಿಳಿವಳಿಕೆ. ಮೆಟ್ಟಿಲು ಥರ ಒಂದಾದ್ಮೇಲೆ ಒಂದಲ್ಲ, ಎಲ್ಲಾ ಒಟ್ಟಿಗೇ ನಡೀಬೇಕು. ಗೈಡುಗಳಲ್ಲಿ ಬಾಣದ ಗುರುತು ಹಾಕಿ ಒಂದರ ಕೆಳಗೊಂದು ಬರ್ದಿರ್ತಾರೆ, ಅದನ್ನ ನಂಬ್ಬೇಡ.

ಆಸೆಯೇ ದುಃಖಕ್ಕೆ ಮೂಲ ಅಂತ ಆಟೋ ಹಿಂದೆ ಓದಿದೆ. ನಂಗೆ ಸರ್ಜಾಪುರ ರೋಡಲ್ಲಿ ಫ್ಲಾಟ್ ಇದೆ, 20 ವರ್ಷದ ಲೋನ್ ಇದೆ, ಪ್ರಮೋಷನ್ ಆಸೆನೂ ಇದೆ. ಬುದ್ಧನ ಪ್ರಕಾರ ಎಲ್ಲಾ ಬಿಟ್ಟು ಕೂತ್ಕೋಬೇಕಾ? – ಬೆಳ್ಳಂದೂರು

ಬಿಟ್ಟು ಕೂತ್ರೆ ಬ್ಯಾಂಕಿನೋರು ಸುಮ್ನಿರ್ತಾರಾ ಸಾರ್? ಇಂಥದೇ ಪ್ರಶ್ನೆ ಬುದ್ಧನಿಗೇ ಒಬ್ಬ ಕೇಳಿದ್ದ. ದೀಘಜಾಣು ಅಂತ ಕೋಲಿಯರ ಕುಲದೋನು, ಬಂದು ನಮಸ್ಕಾರ ಮಾಡಿ ನೇರವಾಗಿ ಹೇಳ್ದ, ಸ್ವಾಮಿ ನಾವು ಸಂಸಾರಸ್ಥರು, ಹೆಂಡ್ತಿ ಮಕ್ಕಳ ಜೊತೆ ಒತ್ತೊತ್ತಾಗಿ ಮಲಗೋರು, ಕಾಶಿಯ ಗಂಧ ಹಚ್ಕೋತೀವಿ, ಹೂ ಮುಡೀತೀವಿ, ಚಿನ್ನ ಬೆಳ್ಳಿ ಮುಟ್ತೀವಿ, ನಮ್ಮಂಥೋರಿಗೆ ಈ ಜನ್ಮಕ್ಕೂ ಆಗೋ, ಮುಂದಕ್ಕೂ ಆಗೋ ಮಾತೇನಾದ್ರೂ ಇದ್ರೆ ಹೇಳಿ ಅಂತ. ಬುದ್ಧ ಅವನಿಗೆ 'ಎಲ್ಲಾ ಬಿಟ್ಟು ಬಾ' ಅನ್ನಲಿಲ್ಲ. ಈ ಜನ್ಮದ ಸುಖಕ್ಕೆ ನಾಲ್ಕು ಮಾತು ಹೇಳ್ದ. ಬೇಸಾಯವೋ ವ್ಯಾಪಾರವೋ ಸರ್ಕಾರಿ ಕೆಲಸವೋ, ನಿನ್ನ ಕಸುಬಲ್ಲಿ ಕೈ ಪಳಗಿಸ್ಕೋ, ಸೋಮಾರಿ ಆಗ್ಬೇಡ. ಬೆವರು ಸುರಿಸಿ ದುಡಿದಿದ್ದನ್ನ ಕಾಪಾಡ್ಕೋ. ಒಳ್ಳೆಯವರ ಸಹವಾಸ ಮಾಡು. ನಾಲ್ಕನೇದು, ಹಿಡಿತದಲ್ಲಿ ಬದುಕು, ಆದಾಯ ಎಷ್ಟು ಖರ್ಚು ಎಷ್ಟು ತಿಳ್ಕೊಂಡು, ಖರ್ಚು ಆದಾಯಾನ ಮೀರ್ದಂಗೆ ನೋಡ್ಕೋ. ದುಡಿಮೆ ಕಮ್ಮಿ ಇದ್ದು ದರ್ಬಾರು ಮಾಡೋನನ್ನ ಅತ್ತಿಹಣ್ಣು ತಿನ್ನೋನು ಅಂತ ಕರೀತಾನೆ, ಅಂದ್ರೆ ಇಡೀ ಮರ ಅಲ್ಲಾಡಿಸಿ ಹಣ್ಣೆಲ್ಲ ಉದುರಿಸಿ ನಾಲ್ಕೇ ತಿಂದು ಹೋಗೋನು. ಹಾಗಂತ ಜಿಪುಣನಿಗೂ ಶಹಬ್ಬಾಸ್ ಅಂದಿಲ್ಲ, ದುಡ್ಡಿದ್ದೂ ಜಿಪುಣತನದಲ್ಲಿ ಬದುಕೋನು ಗತಿ ಇಲ್ಲದೋನ ಥರ ಸಾಯ್ತಾನೆ ಅಂತಾನೆ. ಕುಡಿತ, ಜೂಜು, ಹೆಣ್ಣಿನ ಚಟ, ಕೆಟ್ಟ ಸ್ನೇಹ ಈ ನಾಲ್ಕನ್ನ ಕೆರೆಯಿಂದ ನೀರು ಹೊರಗೆ ಹೋಗೋ ದಾರಿಗಳಿಗೆ ಹೋಲಿಸ್ತಾನೆ. ಬೆಳ್ಳಂದೂರಿನೋರಿಗೆ ಕೆರೆ ವಿಷಯ ನಾನು ಹೇಳ್ಬೇಕಾ.

ಇನ್ನೊಂದು ಕಡೆ ಸಿಗಾಲ ಅನ್ನೋ ಹುಡುಗನಿಗೆ ಇನ್ನೂ ಲೆಕ್ಕಾಚಾರವಾಗೇ ಹೇಳಿದಾನೆ, ಬಂದಿದ್ದನ್ನ ನಾಲ್ಕು ಪಾಲು ಮಾಡು, ಒಂದು ಪಾಲು ಅನುಭವಿಸು, ಎರಡು ಪಾಲು ಕಸುಬಿಗೆ ಹಾಕು, ನಾಲ್ಕನೇದನ್ನ ಆಪತ್ತಿಗೆ ಎತ್ತಿಡು. ಹಾಗಾಗಿ ನಿಮ್ಮ ಇಎಂಐ ಬಗ್ಗೆ ಬುದ್ಧನ ತಕರಾರಿಲ್ಲ, ಸಂಬಳದ ಎಷ್ಟು ಪಾಲು ಅದಕ್ಕೇ ಹೋಗ್ತಿದೆ ಅಂತ ಮಾತ್ರ ಕೇಳ್ಬಹುದು. ಸಂಪಾದನೆ ಹೇಗೆ ಅನ್ನೋದರಲ್ಲಿ ಮಾತ್ರ ಬಿಗಿ ಇದಾನೆ, ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರ ಗೃಹಸ್ಥ ಮಾಡ್ಬಾರ್ದು ಅಂತಾನೆ. ಪ್ರಮೋಷನ್ ಸಿಕ್ಕಿದ್ರೆ ತಗೊಳ್ಳಿ. ಸಿಗದೇ ಇದ್ದಾಗ ಮನೆಗೆ ಬಂದು ಮಕ್ಕಳ ಮೇಲೆ ರೇಗೋದಿದೆಯಲ್ಲ, ಬುದ್ಧ ಕೈ ಹಾಕೋದು ಅಲ್ಲಿಗೆ.

ಹೆಂಡ್ತಿ ಮಗೂನ ರಾತ್ರೋರಾತ್ರಿ ಬಿಟ್ಟು ಹೋದೋನು ಮಹಾಪುರುಷ ಹೇಗಾಗ್ತಾನೆ? ನಮ್ಮನೆ ಯಜಮಾನ್ರು ಹಾಗೆ ಮಾಡಿದ್ರೆ ನಾನಂತೂ ಪೋಲೀಸ್ ಕಂಪ್ಲೇಂಟ್ ಕೊಡ್ತಿದ್ದೆ. – ಬಸವನಗುಡಿ

ಕೊಡ್ಲೇಬೇಕು ಮೇಡಂ. ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಇದಕ್ಕೆ ಭಕ್ತರು ಕೊಡೋ ಸಮಾಧಾನ ನಂಗೂ ಪೂರ್ತಿ ಒಪ್ಪಿಗೆ ಇಲ್ಲ. ಬುದ್ಧ ಆದ್ಮೇಲೆ ಊರಿಗೆ ವಾಪಸ್ ಬಂದಾಗ ತಾಯಿ ಕಳ್ಸಿದ್ಲು ಅಂತ ಮಗ ರಾಹುಲ ಹಿಂದೆಹಿಂದೇನೇ ಬಂದು 'ನನ್ನ ಪಾಲಿನ ಆಸ್ತಿ ಕೊಡಿ' ಅಂತ ಕೇಳ್ತಾನೆ, ಬುದ್ಧ ಆ ಹುಡುಗನಿಗೂ ದೀಕ್ಷೆ ಕೊಡ್ಸಿಬಿಡ್ತಾನೆ. ಅಜ್ಜ ಶುದ್ಧೋದನನಿಗೆ ತಡ್ಕೊಳ್ಳೋಕಾಗಲ್ಲ, ಮಗ ಹೋದಾಗ್ಲೇ ಸಂಕಟ ಆಯ್ತು, ಈಗ ಮೊಮ್ಮಗಾನೂ ಹೋದ, ಇನ್ಮುಂದೆ ಅಪ್ಪ ಅಮ್ಮನ ಒಪ್ಪಿಗೆ ಇಲ್ದೆ ಮಕ್ಕಳನ್ನ ಸೇರಿಸ್ಕೋಬೇಡಿ ಅಂತ ಕೇಳ್ಕೊತಾನೆ. ಬುದ್ಧ ಅದನ್ನ ಸಂಘದ ನಿಯಮ ಮಾಡ್ದ, ಇವತ್ತಿಗೂ ಅದಿದೆ.

ಹೆಂಗಸರ ವಿಷಯಕ್ಕೂ ಹಾಗೇನೇ. ಸಾಕುತಾಯಿ ಮಹಾಪ್ರಜಾಪತಿ ಗೌತಮಿ ಸನ್ಯಾಸ ಕೇಳಿದ್ರೆ ಬೇಡ ಅಂದ, ಆಕೆ ತಲೆ ಬೋಳಿಸ್ಕೊಂಡು ಕಾಲು ಊದ್ಕೊಳ್ಳೋ ಹಾಗೆ ನಡ್ಕೊಂಡು ವೈಶಾಲಿಗೆ ಬಂದು ಬಾಗಿಲಲ್ಲಿ ಅಳ್ತಾ ನಿಂತ್ಲು, ಬುದ್ಧನ ಶಿಷ್ಯ ಆನಂದ ಮಧ್ಯೆ ಬಂದು 'ಹೆಂಗಸರಿಗೆ ಅರಿವು ಸಾಧ್ಯ ಇಲ್ವಾ' ಅಂತ ಕೇಳ್ದ, ಸಾಧ್ಯ ಅಂದ್ಮೇಲೆ ಬೇಡ ಅನ್ನೋಕೆ ದಾರಿ ಉಳೀಲಿಲ್ಲ. ಆದ್ರೂ ಭಿಕ್ಷುಣಿಯರ ಮೇಲೆ ಎಂಟು ಷರತ್ತು ಜಾಸ್ತಿ ಬಿತ್ತು. ಆ ಭಿಕ್ಷುಣಿಯರು ಹಾಡಿದ ಪದ್ಯಗಳು ಥೇರೀಗಾಥಾ ಅಂತ ಉಳ್ಕೊಂಡಿವೆ. ಅದರಲ್ಲಿ ಮುತ್ತಾ ಅನ್ನೋಳು ಮೂರು ಸೊಟ್ಟ ವಸ್ತುಗಳಿಂದ ಬಿಡುಗಡೆ ಆಯ್ತು ಅಂತ ಖುಷಿ ಪಡ್ತಾಳೆ, ಒರಳು, ಒನಕೆ, ಸೊಟ್ಟ ಗಂಡ! ಮನೆ ಬಿಟ್ಟು ಹೋಗಿದ್ದು ಗಂಡಸರೊಬ್ಬರೇ ಅಲ್ಲ ಅನ್ನೋದು ನಿಮ್ಮ ಯಜಮಾನ್ರಿಗೂ ಗೊತ್ತಿರ್ಲಿ.

ದೇವರಿಲ್ಲ, ಆತ್ಮ ಇಲ್ಲ, ಆದ್ರೆ ಪುನರ್ಜನ್ಮ ಇದೆ ಅಂತಾರೆ. ಆತ್ಮಾನೇ ಇಲ್ದಿದ್ರೆ ಮತ್ತೆ ಹುಟ್ಟೋದು ಯಾರು? – ಯಲಹಂಕ

ಭಾರತದ ವಾಯವ್ಯ ಭಾಗ ಆಳ್ತಿದ್ದ ಇಂಡೋ-ಗ್ರೀಕ್ ರಾಜ ಮಿಲಿಂದ ಇದನ್ನೇ ಹಿಡ್ಕೊಂಡು ನಾಗಸೇನ ಅನ್ನೋ ಭಿಕ್ಷುವಿನ ಜೊತೆ ವಾದಕ್ಕೆ ಕೂತಿದ್ದ. 'ನನ್ನ ನಾಗಸೇನ ಅಂತಾರೆ, ಆದ್ರೆ ಅದು ಬರೀ ಹೆಸರು, ಒಳಗೆ ಅಂಥ ವ್ಯಕ್ತಿ ಯಾರೂ ಇಲ್ಲ' ಅಂತ ಭಿಕ್ಷು ಅಂದ, ರಾಜ ಬಿಡಲಿಲ್ಲ. ಭಿಕ್ಷು ಕೇಳ್ದ, ನೀನು ಹೇಗೆ ಬಂದೆ? ರಥದಲ್ಲಿ. ಅಚ್ಚು ರಥಾನಾ? ಅಲ್ಲ. ಚಕ್ರ ರಥಾನಾ? ಅಲ್ಲ. ನೊಗ? ಅಲ್ಲ. ಹಾಗಾದ್ರೆ ರಥ ಎಲ್ಲಿದೆ, ಸುಳ್ಳು ಹೇಳ್ತಿದೀಯಾ ಅಂದ. ಮೆಜೆಸ್ಟಿಕ್‌ನಿಂದ ಹೊರಡೋ 335ಇ ಬಸ್ಸನ್ನ ತಗೊಳ್ಳಿ, ಟೈರ್ ಬಸ್ಸಲ್ಲ, ಸ್ಟೇರಿಂಗ್ ಬಸ್ಸಲ್ಲ, ಬೋರ್ಡ್ ಅಂತೂ ಬಸ್ಸಲ್ಲ, ಆದ್ರೂ ದಿನಾ ಜನ ಅದರಲ್ಲಿ ಆಫೀಸಿಗೆ ಹೋಗ್ತಾರೆ. ನಾನು ಅನ್ನೋದೂ ಹಾಗೇ ಅಂತಾನೆ ನಾಗಸೇನ, ದೇಹ, ವೇದನೆ (ಸುಖ ದುಃಖದ ಅನುಭವ), ಸಂಜ್ಞೆ (ಗುರುತಿಸೋದು), ಸಂಸ್ಕಾರ (ಮನಸ್ಸಿನ ಪ್ರವೃತ್ತಿಗಳು), ವಿಜ್ಞಾನ (ಅರಿವು) ಈ ಐದು ಸೇರಿದಾಗ ನಡೆಯೋ ವ್ಯವಹಾರಕ್ಕೆ ಒಂದು ಹೆಸರು. ಮರುಹುಟ್ಟಿಗೆ ಒಂದು ದೀಪದಿಂದ ಇನ್ನೊಂದು ದೀಪ ಹಚ್ಚೋ ಉದಾಹರಣೆ ಕೊಡ್ತಾನೆ, ಆ ದೀಪದಿಂದ ಈ ದೀಪಕ್ಕೆ ಏನೂ ಎದ್ದು ಬರಲ್ಲ, ಆದ್ರೆ ಅದಿಲ್ದಿದ್ರೆ ಇದು ಹತ್ತಲ್ಲ. ನಂಗೆ ರಥದ ಮಾತು ಗಟ್ಟಿ ಅನ್ಸತ್ತೆ, ದೀಪದ್ದು ಅಷ್ಟಿಲ್ಲ, ನೀವೇ ನೋಡಿ.

ದೇವರ ಬಗ್ಗೆ: ಲೋಕ ಸೃಷ್ಟಿ ಮಾಡಿ ನಡೆಸೋ ಈಶ್ವರ ಬೌದ್ಧರಲ್ಲಿಲ್ಲ. ಇಂದ್ರ, ಬ್ರಹ್ಮ ಎಲ್ಲ ಇದಾರೆ, ಅವರಿಗೂ ಸಾವಿದೆ, ಪಾಪ ಅವರೂ ಬುದ್ಧನ ಹತ್ರ ಪ್ರಶ್ನೆ ಕೇಳೋಕೆ ಬರ್ತಾರೆ. ಲೋಕ ಶಾಶ್ವತಾನಾ, ಸತ್ತ ಮೇಲೆ ಬುದ್ಧ ಇರ್ತಾನಾ ಅಂತ ಮಾಲುಂಕ್ಯಪುತ್ತ ಅನ್ನೋ ಭಿಕ್ಷು ಹಟ ಹಿಡಿದು, ಉತ್ತರ ಹೇಳ್ದಿದ್ರೆ ಸಂಘ ಬಿಡ್ತೀನಿ ಅಂದ. ವಿಷದ ಬಾಣ ನೆಟ್ಟಿರೋನು ಬಾಣ ಬಿಟ್ಟೋನು ಯಾವ ಜಾತಿ, ಉದ್ದನಾ ಕುಳ್ಳನಾ, ಬಿಲ್ಲಿನ ಹೆದೆ ಯಾವುದರದ್ದು ಅಂತ ಗೊತ್ತಾಗೋ ತನಕ ಬಾಣ ಕೀಳಿಸ್ಕೊಳ್ಳಲ್ಲ ಅಂದ್ರೆ ಅಷ್ಟರಲ್ಲಿ ಸತ್ತಿರ್ತಾನೆ ಅಂತ ಬುದ್ಧನ ಉತ್ತರ.

ಬೈಲಕುಪ್ಪೆಗೆ ಟ್ರಿಪ್ ಹೋದಾಗ ಕೆಂಪು ನಿಲುವಂಗಿಯ ಲಾಮಾಗಳು ಹೋಟ್ಲಲ್ಲಿ ಮಾಂಸದ ಮೊಮೊ ತಿಂತಿದ್ರು. ಅಹಿಂಸೆ ಎಲ್ಲಿ ಹೋಯ್ತು? – ರಾಜಾಜಿನಗರ

ತಮಗಾಗಿ ಕೊಂದಿದ್ದು ಅಂತ ಕಂಡಿರ್ಬಾರ್ದು, ಕೇಳಿರ್ಬಾರ್ದು, ಅನುಮಾನಾನೂ ಇರ್ಬಾರ್ದು, ಹಾಗಿದ್ರೆ ಭಿಕ್ಷೆಗೆ ಬಂದ ಮಾಂಸ ತಿನ್ಬಹುದು ಅಂತ ಪಾಲಿ ವಿನಯದಲ್ಲಿ, ಅಂದ್ರೆ ಭಿಕ್ಷುಗಳ ನಿಯಮದ ಗ್ರಂಥದಲ್ಲಿದೆ. ಬುದ್ಧನ ದಾಯಾದಿ ದೇವದತ್ತ ಬಂದು ಭಿಕ್ಷುಗಳಿಗೆ ಮೀನು ಮಾಂಸ ಕಡ್ಡಾಯವಾಗಿ ನಿಲ್ಲಿಸಿ ಅಂದಾಗ ಬುದ್ಧ ಒಪ್ಪಲಿಲ್ಲ. ಆಮೇಲೆ ಬಂದ ಮಹಾಯಾನ ಪಂಥದಲ್ಲಿ ಲಂಕಾವತಾರ ಸೂತ್ರದಂಥವು ಮಾಂಸ ಬೇಡವೇ ಬೇಡ ಅಂತವೆ, ಚೀನಾ, ವಿಯೆಟ್ನಾಂ ಕಡೆ ಭಿಕ್ಷುಗಳು ಸಸ್ಯಾಹಾರಿಗಳು. ಟಿಬೆಟ್ ಮಾತ್ರ ಎತ್ತರದ ಚಳಿ ಜಾಗ, ಸೊಪ್ಪು ತರಕಾರಿ ಬೆಳೆಯೋದೇ ಕಷ್ಟ, ಅಲ್ಲಿಂದ ಬಂದ ರೂಢಿ ಅದು. ಪಂಚಶೀಲದಲ್ಲಿ ಕೊಲ್ಲೋದಿಲ್ಲ ಅಂತ ಇದೆ, ತಿನ್ನೋದ್ರ ಬಗ್ಗೆ ಇಲ್ಲ. ಉಳಿದ ನಾಲ್ಕು, ಕದಿಯಲ್ಲ, ವ್ಯಭಿಚಾರ ಮಾಡಲ್ಲ, ಸುಳ್ಳು ಹೇಳಲ್ಲ, ಅಮಲು ಬರಿಸೋದನ್ನ ಮುಟ್ಟಲ್ಲ. ಮೊಮೊ ಲೆಕ್ಕ ಇಟ್ಟೋರು ಐದನೇದನ್ನ ಟ್ರಿಪ್ಪಲ್ಲಿ ಪಾಲಿಸಿದ್ರಾ ಅಂತ ನಾನು ಕೇಳಲ್ಲ ಬಿಡಿ.

ಬೌದ್ಧ ಧರ್ಮ ಉತ್ತರದ್ದು, ಕನ್ನಡ ನಾಡಿಗೆ ಸಂಬಂಧ ಇಲ್ಲ ಅಂತ ನಮ್ಮ ಕನ್ನಡ ಸಂಘದ ಗ್ರೂಪಲ್ಲಿ ದೊಡ್ಡ ಜಗಳ. ನಿಜಾನಾ? – ನಾಗರಭಾವಿ

ಜಗಳ ಗೆಲ್ಲೋಕೆ ಒಂದೇ ಊರಿನ ಹೆಸರು ಸಾಕು, ಮಸ್ಕಿ. ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ ಪ್ರಿಯದರ್ಶಿ' ಅಂತಾನೇ ಇರೋ ರಾಜ ಯಾರು ಅನ್ನೋದಕ್ಕೆ ಸಿಂಹಳದ ಗ್ರಂಥಗಳನ್ನ ನೋಡಿ ಅಶೋಕ ಇರ್ಬೇಕು ಅಂತ ವಿದ್ವಾಂಸರು ಹೇಳ್ತಿದ್ರು, 1915ರಲ್ಲಿ ರಾಯಚೂರು ಜಿಲ್ಲೆ ಮಸ್ಕಿಯ ಬಂಡೆ ಮೇಲೆ ಅಶೋಕ ಅನ್ನೋ ಹೆಸರೇ ಸಿಕ್ತು. ಅಲ್ಲಿಗೆ ಅನುಮಾನ ಮುಗೀತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳಂತೂ ಅದಕ್ಕಿಂತ ಮುಂಚೇನೇ ಸಿಕ್ಕಿದ್ವು.

ನಂಗೆ ಇಷ್ಟ ಸನ್ನತಿಯ ಕಥೆ. ಕಲಬುರಗಿ ಜಿಲ್ಲೇಲಿ ಭೀಮಾ ನದಿ ದಂಡೆ ಮೇಲೆ ಚಂದ್ರಲಾಂಬಾ ಗುಡಿ ಇದೆ, 1986ರಲ್ಲಿ ಆ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿಗೆ ಪೆಟ್ಟಾಯ್ತು, ನೋಡಿದ್ರೆ ದೇವಿಯ ಪೀಠಾನೇ ಅಶೋಕನ ಶಾಸನದ ಚಪ್ಪಡಿ! ಮಧ್ಯೆ ತೂತು ಕೊರೆದು ಮೂರ್ತಿ ನಿಲ್ಲಿಸಿದ್ರು. ಎಷ್ಟು ತಲೆಮಾರು ಜನ ಕುಂಕುಮ ಹಾಕಿ ಕೈಮುಗಿದ್ರೋ ಆ ಅಕ್ಷರಗಳ ಮೇಲೆ. ಅದರಲ್ಲಿ ಅಶೋಕನ 12ನೇ ಶಾಸನದ ಭಾಗಾನೂ ಇದೆ, ತನ್ನ ಪಂಥಾನ ಹೊಗಳೋಕೆ ಬೇರೆಯವರ ಪಂಥಾನ ಹಳಿಯೋನು ತನ್ನ ಪಂಥಕ್ಕೇ ಕೇಡು ಮಾಡ್ತಾನೆ ಅನ್ನೋದು ಆ ಶಾಸನದ ತಿರುಳು. ನಿಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡಿ. ಪಕ್ಕದ ಕನಗನಹಳ್ಳೀಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ತು, ಅದರ ಒಂದು ಕಲ್ಲಲ್ಲಿ ರಾಜ, ರಾಣಿ, ಚಾಮರ ಛತ್ರ ಹಿಡಿದೋರು, ಪಕ್ಕದಲ್ಲಿ ಬ್ರಾಹ್ಮಿ ಲಿಪೀಲಿ 'ರಾಯೋ ಅಸೋಕೋ'. ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋದ್ರೆ ಕ್ರಿ.ಶ. 968ರ, ಬೌದ್ಧರ ಬೋಧಿಸತ್ವ ಲೋಕೇಶ್ವರನ ಕಂಚಿನ ವಿಗ್ರಹ ಇನ್ನೂ ಇದೆ, ಆಳುಪರ ರಾಜ ಕುಂದವರ್ಮ ಮಾಡ್ಸಿದ್ದು. ಬಳ್ಳಿಗಾವಿ, ಡಂಬಳದಲ್ಲಿ ಬೌದ್ಧ ದೇವತೆ ತಾರಾ ಭಗವತಿ. ಅಂದ್ರೆ ಅಶೋಕನಿಂದ ಚಾಲುಕ್ಯರ ತನಕ ಇಲ್ಲೇ ಇತ್ತು, ಸಂಬಂಧ ಇಲ್ಲ ಅನ್ನೋರು ಒಂದು ಸಲ ಆ ಕಡೆ ಬಸ್ ಹತ್ತಲಿ.

ಅಂಬೇಡ್ಕರ್ ಅವರ ಬೌದ್ಧ ಧರ್ಮ ಮತ್ತೆ ಲಾಮಾಗಳದ್ದು ಒಂದೇನಾ? ಬೌದ್ಧನಾದ್ರೆ ನಮ್ಮ ಮೀಸಲಾತಿ ಹೋಗತ್ತೆ ಅಂತ ಅಪ್ಪ ಹೆದರಿಸ್ತಾರೆ. – ಹಲಸೂರು

ಮೀಸಲಾತಿ ಹೋಗಲ್ಲ, 1990ರಲ್ಲೇ ಪರಿಶಿಷ್ಟ ಜಾತಿ ಆದೇಶಕ್ಕೆ ತಿದ್ದುಪಡಿ ಮಾಡಿ ಬೌದ್ಧರನ್ನೂ ಸೇರ್ಸಿದಾರೆ, ಅಪ್ಪನಿಗೆ ಹೇಳಿ. ಧರ್ಮದ ವಿಷಯಕ್ಕೆ ಬಂದ್ರೆ ಮನೆ ಒಂದೇ, ಕೋಣೆ ಬೇರೆ ಅನ್ನಿ. ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್‌ನ ಥೇರವಾದ, ಚೀನಾ ಜಪಾನಿನ ಮಹಾಯಾನ, ಟಿಬೆಟ್ಟಿನ ವಜ್ರಯಾನ, ಇವಕ್ಕೆಲ್ಲ ಬುದ್ಧ, ಧಮ್ಮ, ಸಂಘ ಅನ್ನೋ ಮೂರು ಶರಣು ಒಂದೇ. ಬಾಬಾಸಾಹೇಬರು 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ದೀಕ್ಷೆ ತಗೊಂಡಾಗ ಅದೇ ತ್ರಿಶರಣ, ಪಂಚಶೀಲ ಹೇಳಿದ್ರು, ಜೊತೆಗೆ ತಮ್ಮದೇ 22 ಪ್ರತಿಜ್ಞೆ ಸೇರ್ಸಿದ್ರು, ಬುದ್ಧ ವಿಷ್ಣುವಿನ ಅವತಾರ ಅನ್ನೋದನ್ನ ನಂಬಲ್ಲ ಅನ್ನೋದೂ ಅದರಲ್ಲೊಂದು. ಮುದುಕ, ರೋಗಿ, ಹೆಣ ನೋಡಿ ಸಿದ್ಧಾರ್ಥ ಮನೆ ಬಿಟ್ಟ ಅನ್ನೋ ಕಥೇನ ಅವರು ಒಪ್ಪಲಿಲ್ಲ, 29 ವರ್ಷ ಆಗೋ ತನಕ ಒಬ್ಬ ಮುದುಕನ್ನೂ ನೋಡಿರ್ಲಿಲ್ವಾ ಅನ್ನೋದು ಅವರ ವಾದ. ತೀರ್ಕೊಂಡ ಮೇಲೆ 1957ರಲ್ಲಿ ಅಚ್ಚಾದ ಅವರ ಪುಸ್ತಕ 'ದ ಬುದ್ಧ ಆಂಡ್ ಹಿಸ್ ಧಮ್ಮ'ದಲ್ಲಿ ಕಾರಣ ಬೇರೆ, ರೋಹಿಣಿ ನದಿ ನೀರಿಗೆ ಶಾಕ್ಯರಿಗೂ ಕೋಲಿಯರಿಗೂ ಜಗಳ, ಯುದ್ಧ ಬೇಡ ಅಂದ ಸಿದ್ಧಾರ್ಥನ ಮಾತು ಶಾಕ್ಯರ ಸಭೇಲಿ ಸೋತು ಹೋಯ್ತು, ಅದಕ್ಕೇ ಊರು ಬಿಟ್ಟ. ನದಿ ನೀರಿನ ಜಗಳ ಎಂಥದ್ದು ಅಂತ ನಮ್ಮೂರಿನೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ನಂಗಂತೂ ಈ ಕಾರಣಾನೇ ಹೆಚ್ಚು ನಂಬೋ ಹಾಗಿದೆ. ಲಾಮಾಗಳ ಪೂಜೆ, ಮಂತ್ರಚಕ್ರ, ಅವತಾರದ ಗುರುಗಳು ಇವಕ್ಕೂ ಅಂಬೇಡ್ಕರ್ ಅವರ ಸಮಾನತೆಯ ಧಮ್ಮಕ್ಕೂ ಮೇಲ್ನೋಟಕ್ಕೆ ದೂರ ಇದೆ, ಆದ್ರೆ ಎರಡು ಕಡೆಯೋರೂ ಬುದ್ಧನಿಗೆ ಶರಣು ಅನ್ನೋರೇ.

ಬೆಂಗಳೂರಲ್ಲಿ ಎಲ್ಲಿಗೆ ಹೋಗ್ಲಿ? ಮತಾಂತರ ಆಗೋ ಯೋಚನೆ ಇಲ್ಲ, ಸುಮ್ನೆ ತಿಳ್ಕೋಬೇಕು. – ಬನಶಂಕರಿ

ಗಾಂಧಿನಗರದ ಕಾಳಿದಾಸ ರಸ್ತೇಲಿ ಮಹಾಬೋಧಿ ಸೊಸೈಟಿ ಇದೆ, ಆಚಾರ್ಯ ಬುದ್ಧರಕ್ಖಿತ ಅವರು 1956ರಲ್ಲಿ ಶುರು ಮಾಡಿದ್ದು, ಮೆಜೆಸ್ಟಿಕ್ ಗಲಾಟೆಯಿಂದ ನಡ್ಕೊಂಡೇ ಹೋಗ್ಬಹುದು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತ್ಕೊಳ್ಳಿ, ಯಾರೂ ನಿಮ್ಮ ಜಾತಿ ಧರ್ಮ ಕೇಳಲ್ಲ. ಇನ್ನೂ ಗಟ್ಟಿ ಮನಸ್ಸಿದ್ರೆ ತುಮಕೂರು ರೋಡ್ ಕಡೆ ಆಲೂರಿನಲ್ಲಿ ಗೋಯೆಂಕಾ ಅನ್ನೋ ಗುರುಗಳ ಪರಂಪರೆಯ ವಿಪಶ್ಯನ ಧ್ಯಾನ ಕೇಂದ್ರ ಇದೆ, 10 ದಿನದ ಶಿಬಿರ, ಫೀಸ್ ಇಲ್ಲ, ಮುಗಿದ ಮೇಲೆ ಇಷ್ಟ ಇದ್ರೆ ದಾನ ಕೊಡ್ಬಹುದು. ಬೆಳಿಗ್ಗೆ 4ಕ್ಕೆ ಗಂಟೆ ಹೊಡೀತಾರೆ, ಮಾತಿಲ್ಲ, ಮೊಬೈಲ್ ಇಲ್ಲ, ಪುಸ್ತಕ ಪೆನ್ನೂ ಇಲ್ಲ. ಮೊದಲ ಮೂರು ದಿನ ಬರೀ ಮೂಗಿನ ಹತ್ರ ಉಸಿರು ನೋಡೋದು, ಅಷ್ಟೇ. ಅಷ್ಟೇನಾ ಅಂತ ಹೋದೋರು ಮಂಡಿ ನೋವು, ಬೇಜಾರು, ಹಳೇ ಸಿಟ್ಟು ಎಲ್ಲ ಮೇಲೆ ಬಂದು ಎರಡನೇ ದಿನಕ್ಕೇ ಬ್ಯಾಗ್ ಕಡೆ ನೋಡೋಕೆ ಶುರು ಮಾಡ್ತಾರೆ. ಮೊದಲು ಒಂದು ದಿನದ್ದೋ ಅರ್ಧ ದಿನದ್ದೋ ಧ್ಯಾನಕ್ಕೆ ಎಲ್ಲಾದ್ರೂ ಕೂತು ನೋಡಿ, ಆಮೇಲೆ ಅರ್ಜಿ ಹಾಕಿ. ಡಿಪ್ರೆಶನ್ನಿಗೆ ಮಾತ್ರೆ ತಗೋತಿದ್ರೆ ಡಾಕ್ಟರನ್ನ ಕೇಳ್ದೆ ಹೋಗ್ಲೇಬೇಡಿ.

ಅಂಗಡಿ ಗಲ್ಲಾಪೆಟ್ಟಿಗೆ ಮೇಲೆ ನಗೋ ಬುದ್ಧ, ಮನೆ ಹಾಲಲ್ಲಿ ಬುದ್ಧನ ತಲೆ ಇಟ್ಟಿದೀನಿ. ವಾಸ್ತು ಪ್ರಕಾರ ಯಾವ ದಿಕ್ಕಿಗೆ ಮುಖ ಮಾಡಿದ್ರೆ ಒಳ್ಳೇದು? – ಚಿಕ್ಕಪೇಟೆ

ಅಣ್ಣಾ, ನಗೋ ಬುದ್ಧ ಬುದ್ಧ ಅಲ್ಲ. ಆತ ಬುಡೈ ಅಂತ, 10ನೇ ಶತಮಾನದ ಚೀನಾದ ಭಿಕ್ಷು, ಹೆಗಲಿಗೆ ಬಟ್ಟೆ ಚೀಲ ಹಾಕ್ಕೊಂಡು ಮಕ್ಕಳನ್ನ ಆಡಿಸ್ತಾ ತಿರುಗ್ತಿದ್ದ ಅಂತಾರೆ, ಮುಂದೆ ಬರೋ ಬುದ್ಧ ಮೈತ್ರೇಯನ ಅವತಾರ ಅಂತ ಅಲ್ಲಿನ ಜನ ನಂಬ್ತಾರೆ. ನಮ್ಮ ಗೌತಮ ಬುದ್ಧನಿಗೆ ಅಷ್ಟು ಹೊಟ್ಟೆ ಬರೋ ಚಾನ್ಸೇ ಇರ್ಲಿಲ್ಲ, ಮಧ್ಯಾಹ್ನ ಆದ್ಮೇಲೆ ಊಟ ಮಾಡ್ತಿರ್ಲಿಲ್ಲ.

ವಾಸ್ತು ವಿಷಯ ಕೇಳಿ ನಂಗೆ ನಗು ತಡ್ಕೊಳ್ಳೋಕಾಗಲಿಲ್ಲ. ಬ್ರಹ್ಮಜಾಲ ಸುತ್ತ ಅನ್ನೋ ಬುದ್ಧನ ಉಪದೇಶದಲ್ಲಿ ಭಿಕ್ಷು ಹೊಟ್ಟೆಪಾಡಿಗೆ ಮಾಡ್ಬಾರದ ಕೀಳು ವಿದ್ಯೆಗಳ ಉದ್ದ ಪಟ್ಟಿ ಇದೆ, ಕೈ ನೋಡಿ ಭವಿಷ್ಯ ಹೇಳೋದು, ಕನಸಿನ ಫಲ, ಇಲಿ ಕಚ್ಚಿದ ಬಟ್ಟೆ ನೋಡಿ ಶಕುನ, ಗ್ರಹಣದ ಫಲ, ಆ ಸಾಲಲ್ಲೇ ಮನೆ ಜಾಗದ ಶುಭ ಅಶುಭ ಹೇಳೋ ವಾಸ್ತುವಿದ್ಯೆನೂ ಇದೆ. ಹಾಗಾಗಿ ಬುದ್ಧನನ್ನ ವಾಸ್ತುಗೆ ಇಡೋದು ಹೇಗಿದ್ರೂ ಹೊಂದಲ್ಲ. ತಲೆ ಮಾತ್ರ ಇರೋ ಮೂರ್ತಿ ಬಗ್ಗೆ ಒಂದು ಮಾತು, ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಬೌದ್ಧರಿಗೆ ಅದನ್ನ ಶೋಪೀಸ್ ಮಾಡೋದು ನೋವಿನ ವಿಷಯ, ಎಷ್ಟೋ ಹಳೇ ವಿಹಾರಗಳಲ್ಲಿ ಮೂರ್ತಿಗಳ ತಲೆ ಕಡಿದು ಮಾರ್ಕೊಂಡಿದಾರೆ, ಅದರ ನೆನಪಾಗತ್ತೆ ಅವರಿಗೆ. ಬದಲಾಯಿಸೋ ಹಾಗಿದ್ರೆ ಪೂರ್ತಿ ಕೂತಿರೋದು ತಗೊಳ್ಳಿ, ಶೂ ರ‍್ಯಾಕ್ ಮೇಲೆ, ಬಾತ್‌ರೂಮ್ ಪಕ್ಕ ಇಡ್ಬೇಡಿ, ಸಾಕು. ಗಲ್ಲಾಪೆಟ್ಟಿಗೆ ಮೇಲಿರೋ ಬುಡೈ ಅಲ್ಲೇ ಇರ್ಲಿ, ಬರೋ ಗಿರಾಕಿಗಳ ಮಕ್ಕಳು ಅವನ ಹೊಟ್ಟೆ ಸವರಿ ನಗ್ತಾರೆ ಅಂತ ನೀವೇ ಬರ್ದಿದೀರಲ್ಲ.

ಮುಂದಿನ ತಿಂಗಳ ವಿಷಯ ಜೈನ ಧರ್ಮ, ಪ್ರಶ್ನೆಗಳನ್ನ 20ನೇ ತಾರೀಖಿನೊಳಗೆ ಕಳ್ಸಿ. ವಾಸ್ತು ಪ್ರಶ್ನೆ ಬೇಡ.